ನಿಮಗಿದು ಗೊತ್ತೇ? ಗುರುಪುರದ ಮಠಕ್ಕೂ ಬಂದಿದ್ದ ಗೂಢಚಾರ

★ ಹೊಗೆಸೊಪ್ಪು, ಮುಸುಕಿನ ಜೋಳ, ಟಿಬೆಟ್ ಕ್ಯಾಂಪು. ಹುಣಸೂರು ತಾಲ್ಲೂಕಿನ ಗುರುಪುರ ಎಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುದು ಇಷ್ಟು. ಆದರೆ 2024ರ ನವೆಂಬರ್‌ನಲ್ಲಿ ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಎಂಬ ಸೈಬರ್ ಭದ್ರತಾ ಕಂಪನಿ ಹೊರತಂದ ವರದಿಯೊಂದರಲ್ಲಿ ಇಲ್ಲಿನ ಮಠದ ಹೆಸರಿತ್ತು. ಚೀನಾ ಸರ್ಕಾರದ ಬೆಂಬಲವಿದೆ ಎಂದು ಆ ಕಂಪನಿ ಹೇಳುವ ಹ್ಯಾಕರ್ ಗುಂಪೊಂದು ಗ್ಯುಮೆ ತಾಂತ್ರಿಕ (ಬೌದ್ಧ ತಂತ್ರಶಾಸ್ತ್ರದ) ವಿಶ್ವವಿದ್ಯಾಲಯ ಎಂಬ ಈ ಮಠದ ವೆಬ್‌ಸೈಟಿಗೆ ನುಗ್ಗಿ, ಅದನ್ನು ನೋಡಲು ಬಂದವರಿಗೆ ಕುತಂತ್ರಾಂಶ ಹಂಚುತ್ತಿತ್ತು.

★ ಈ ಗ್ಯುಮೆ ಹೊಸ ಸಂಸ್ಥೆಯೇನಲ್ಲ. 1433ರಲ್ಲಿ, ಚೋಂಖಾಪಾ ಅವರ ಶಿಷ್ಯ ಶೆರಾಬ್ ಸೆಂಗೆ ಟಿಬೆಟ್‌ನಲ್ಲಿ ಕಟ್ಟಿದ ವಿದ್ಯಾಪೀಠ. 1959ರ ನಂತರ ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಮೊದಲು ಹಿಮಾಚಲದ ಡಾಲ್‌ಹೌಸಿಯಲ್ಲಿದ್ದರು. 1970ರ ದಶಕದಲ್ಲಿ ಗುರುಪುರದ ರಾಬ್‌ಗ್ಯೆಲಿಂಗ್ ನಿರಾಶ್ರಿತರ ನೆಲೆಗೆ ಬಂದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟನ್ನರು ಬಂದದ್ದು ಅದಕ್ಕೂ ಹಿಂದೆ, 1960ರ ದಶಕದ ಆರಂಭದಲ್ಲಿ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಗುರುಪುರದ ಕಡೆ ತಿರುಗುವವರು ಕಡಿಮೆ. ಹ್ಯಾಕರ್‌ಗಳು ಮಾತ್ರ ತಪ್ಪದೆ ತಿರುಗಿದರು.

★ ನಡೆದದ್ದು ಹೀಗೆ. 2024ರ ಮೇ ಕೊನೆಯ ಹೊತ್ತಿಗೆ ಮಠದ ವೆಬ್‌ಸೈಟಿನೊಳಗೆ ಯಾರೋ ಕೆಲವು ಸಾಲು ಕೋಡ್ ಸೇರಿಸಿದರು. ಅದೇ ಹೊತ್ತಿಗೆ ಟಿಬೆಟ್ ಪೋಸ್ಟ್ ಎಂಬ ಸುದ್ದಿತಾಣಕ್ಕೂ ಅದೇ ಕೋಡ್ ಬಿತ್ತು. ಎರಡೂ ತಾಣಗಳು ಜೂಮ್ಲಾ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿದವು. ಅದರ ದೋಷವೊಂದರ ಮೂಲಕ ಒಳನುಗ್ಗಿರಬಹುದು ಎಂದು ತಜ್ಞರ ಅಂದಾಜು. ತಾಣ ತೆರೆದವರ ಬಳಿ ಇರುವುದು ವಿಂಡೋಸ್ ಕಂಪ್ಯೂಟರೇ, ಬ್ರೌಸರ್ ಕ್ರೋಮ್ ಅಥವಾ ಎಡ್ಜ್ ಹೌದೇ ಎಂದು ಆ ಕೋಡ್ ಮೊದಲು ಪರೀಕ್ಷಿಸುತ್ತದೆ. ಅಲ್ಲವಾದರೆ ಸುಮ್ಮನೆ ಬಿಟ್ಟುಬಿಡುತ್ತದೆ. ಹೌದಾದರೆ ಕ್ರೋಮ್‌ನದೇ ಎಚ್ಚರಿಕೆಯಂತೆ ಕಾಣುವ ಪುಟವೊಂದು ಎದ್ದು ನಿಲ್ಲುತ್ತದೆ: ಭದ್ರತಾ ಪ್ರಮಾಣಪತ್ರದಲ್ಲಿ ದೋಷವಿದೆ, ಇಲ್ಲಿ ಒತ್ತಿ ಸರಿಪಡಿಸಿಕೊಳ್ಳಿ. ಒತ್ತಿದರೆ ಇಳಿಯುವುದು ಪ್ರಮಾಣಪತ್ರವಲ್ಲ, ಪರರ ಕೈಗೆ ಕಂಪ್ಯೂಟರ್ ಒಪ್ಪಿಸುವ ಕುತಂತ್ರಾಂಶ.

★ ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಪ್ರಮಾಣಪತ್ರ ಸರಿಯಿಲ್ಲ ಎಂದು ಅಸಲಿ ಕ್ರೋಮ್ ಎಚ್ಚರಿಸುತ್ತದೆ, ಹಿಂದಕ್ಕೆ ಹೋಗಿ ಎನ್ನುತ್ತದೆ. ಏನನ್ನಾದರೂ ಡೌನ್‌ಲೋಡ್ ಮಾಡಿ ಎಂದು ಅದು ಯಾವತ್ತೂ ಕೇಳುವುದಿಲ್ಲ. ವೆಬ್‌ಸೈಟಿನ ಪ್ರಮಾಣಪತ್ರ ಸರಿಪಡಿಸುವುದು ಆ ವೆಬ್‌ಸೈಟ್ ನಡೆಸುವವರ ಕೆಲಸ, ನೋಡಲು ಬಂದವರದ್ದಲ್ಲ.

★ ಆ ಕುತಂತ್ರಾಂಶದ ಹೆಸರು ಕೋಬಾಲ್ಟ್ ಸ್ಟ್ರೈಕ್. ತಮಾಷೆಯೆಂದರೆ ಇದು ಕಳ್ಳರು ಮಾಡಿದ್ದಲ್ಲ. ಬ್ಯಾಂಕು, ಕಂಪನಿಗಳು ತಮ್ಮ ಕಾವಲು ಎಷ್ಟು ಗಟ್ಟಿ ಎಂದು ಪರೀಕ್ಷಿಸಿಕೊಳ್ಳಲೆಂದು ರಫಾಯೆಲ್ ಮಡ್ಜ್ ಎಂಬಾತ 2012ರಲ್ಲಿ ಮಾರುಕಟ್ಟೆಗೆ ತಂದ ಉಪಕರಣ. ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು. ಕದ್ದ ಪ್ರತಿಗಳು ಊರೆಲ್ಲ ಓಡಾಡತೊಡಗಿದ ಮೇಲೆ 2024ರ ಜೂನ್ ಕೊನೆಯ ವಾರ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆಯ ನೇತೃತ್ವದಲ್ಲಿ, ಯುರೋಪೋಲ್ ಸಮನ್ವಯದಲ್ಲಿ ಆಪರೇಷನ್ ಮಾರ್ಫಿಯಸ್ ನಡೆಯಿತು. 27 ದೇಶಗಳಲ್ಲಿ ಗುರುತಿಸಿದ್ದ 690 ಐಪಿ ವಿಳಾಸಗಳಲ್ಲಿ 593 ಬಾಗಿಲು ಹಾಕಿದವು. ಗುರುಪುರದ ತಾಣಕ್ಕೆ ಕನ್ನ ಬಿದ್ದು ಆಗ ಸುಮಾರು ಒಂದು ತಿಂಗಳು.

★ ಆ್ಯಂಟಿವೈರಸ್ ಏನು ಮಾಡುತ್ತಿತ್ತು ಎಂದು ಕೇಳುತ್ತೀರಾ? ಕಳ್ಳರು ಇಲ್ಲೊಂದು ಹಳೆಯ ಉಪಾಯ ಹೂಡಿದ್ದರು. ಓಡುವುದು ಹೆಸರಾಂತ ಕಂಪನಿಯ ಡಿಜಿಟಲ್ ಸಹಿ ಇರುವ ಅಸಲಿ ಪ್ರೋಗ್ರಾಮೇ. ಆದರೆ ಅದು ಪಕ್ಕದಲ್ಲೇ ಇಟ್ಟ ಸಹಾಯಕ ಕಡತವನ್ನು ಕೂಗಿ ಕರೆಯುತ್ತದಲ್ಲ, ಆ ಕಡತ ನಕಲಿ. ಯಜಮಾನನ ಗುರುತಿನ ಚೀಟಿ ನೋಡಿದ ಆ್ಯಂಟಿವೈರಸ್ ಹಿಂದೆ ಬಂದವನನ್ನು ಪ್ರಶ್ನಿಸದೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು.

★ ಬೇಟೆಯ ಹಿಂದೆ ಓಡುವ ಬದಲು, ಬೇಟೆ ತಾನಾಗಿ ಬರುವ ಜಾಗದಲ್ಲಿ ಕಾದು ಕೂರುವ ಈ ಪದ್ಧತಿಗೆ ಭದ್ರತಾ ತಜ್ಞರು ವಾಟರಿಂಗ್ ಹೋಲ್ ದಾಳಿ ಎನ್ನುತ್ತಾರೆ. ಬೇಸಿಗೆಯಲ್ಲಿ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ದಂಡೆಗೆ ಜಿಂಕೆಗಳು ಬಂದೇ ಬರುತ್ತವೆ ಎಂದು ಹುಲಿಗೆ ಗೊತ್ತಿರುವ ಹಾಗೆ, ಟಿಬೆಟನ್ನರು ತಮ್ಮ ಮಠದ ತಾಣಕ್ಕೆ ಬಂದೇ ಬರುತ್ತಾರೆ ಎಂದು ಹ್ಯಾಕರ್‌ಗಳಿಗೂ ಗೊತ್ತು.

★ ಇದಕ್ಕೆ ಕೆಲವು ತಿಂಗಳ ಮುಂಚೆ, 2023ರ ಸೆಪ್ಟೆಂಬರ್‌ನಿಂದ, ಇನ್ನೊಂದು ಗುಂಪು ಇದೇ ವರಸೆ ತೋರಿಸಿತ್ತು. ಬೋಧಗಯಾದಲ್ಲಿ ನಡೆಯುವ ಮೋನ್ಲಮ್ ಪ್ರಾರ್ಥನಾ ಉತ್ಸವದ ಟ್ರಸ್ಟಿನ ವೆಬ್‌ಸೈಟಿಗೆ ಅದು ಬಲೆ ಹಾಕಿತ್ತು. ಟಿಬೆಟನ್ ಭಾಷಾಂತರ ತಂತ್ರಾಂಶ ತಯಾರಿಸುವ ಭಾರತದ ಕಂಪನಿಯೊಂದರ ತಾಣದಲ್ಲೂ ವಿಷ ಬೆರೆಸಿತ್ತು. ಪತ್ತೆ ಮಾಡಿದ್ದು ಸ್ಲೊವಾಕಿಯಾದ ಇಸೆಟ್ ಕಂಪನಿ. ಬಯಲಾದದ್ದು 2024ರ ಮಾರ್ಚ್‌ನಲ್ಲಿ. ಆ ಗುಂಪು ತನ್ನದೇ ಕುತಂತ್ರಾಂಶ ಬರೆದುಕೊಂಡಿತ್ತು. ಗುರುಪುರಕ್ಕೆ ಬಂದವರು ಪೇಟೆಯಲ್ಲಿ ಸಿಗುವುದನ್ನೇ ಎತ್ತಿಕೊಂಡು ಬಂದಿದ್ದರು, ಕೋಡನ್ನು ಬಚ್ಚಿಡುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಹಾಗಾಗಿ ಅವರು ಎರಡನೆಯ ದರ್ಜೆಯವರು ಎಂದು ತಜ್ಞರ ತೀರ್ಪು. ಕೆಲಸ ಕೆಡಿಸಲು ಎರಡನೆಯ ದರ್ಜೆಯೂ ಸಾಕು.

★ ಇಡೀ ಕಥೆಯ ಮೊದಲ ಅಧ್ಯಾಯ ಇರುವುದು ಧರ್ಮಶಾಲಾದಲ್ಲಿ. ತಮ್ಮ ಕಂಪ್ಯೂಟರ್‌ಗಳಲ್ಲಿ ಏನೋ ಸರಿಯಿಲ್ಲ ಎಂದು ದಲೈ ಲಾಮಾ ಅವರ ಕಚೇರಿಗೆ ಅನುಮಾನ ಬಂತು. ಅಲ್ಲಿ ಸಣ್ಣ ಸಣ್ಣ ಸಂಗತಿಗಳು ವಿಚಿತ್ರವಾಗಿ ಒಂದಕ್ಕೊಂದು ತಾಳೆಯಾಗುತ್ತಿದ್ದವು: ವಿದೇಶಿ ರಾಜತಾಂತ್ರಿಕರೊಬ್ಬರಿಗೆ ಭೇಟಿಯ ಆಹ್ವಾನದ ಇಮೇಲ್ ಹೋಗುತ್ತಿದ್ದಂತೆ, ಭೇಟಿ ಬೇಡ ಎಂದು ಚೀನಾದಿಂದ ಅವರಿಗೆ ಕರೆ ಬಂದಿತ್ತು. ಟಿಬೆಟ್‌ಗೆ ಮರಳುತ್ತಿದ್ದ ಯುವತಿಯೊಬ್ಬಳನ್ನು ನೇಪಾಳದ ಗಡಿಯಲ್ಲಿ ತಡೆದು ಎರಡು ತಿಂಗಳು ಕೂಡಿಹಾಕಿದ ಅಧಿಕಾರಿಗಳು, ಅವಳ ಹಳೆಯ ಇಂಟರ್ನೆಟ್ ಚಾಟ್‌ಗಳನ್ನು ಅಕ್ಷರ ಬಿಡದೆ ತೆಗೆದು ಮುಂದಿಟ್ಟರು. 2008ರ ಜೂನ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಮತ್ತು ಸೆಕ್‌ಡೆವ್ ಎಂಬ ಸಂಸ್ಥೆ ಸೇರಿ ತನಿಖೆ ಆರಂಭಿಸಿದವು. 2009ರ ಮಾರ್ಚ್ 29ರಂದು ವರದಿ ಹೊರಬಂತು: 103 ದೇಶಗಳ 1,295 ಕಂಪ್ಯೂಟರ್‌ಗಳು ಒಂದೇ ಜಾಲದ ಹಿಡಿತದಲ್ಲಿದ್ದವು. ಅವುಗಳಲ್ಲಿ ಶೇಕಡಾ 30ರವರೆಗೂ ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿಯಂಥ ತೂಕದ ಜಾಗಗಳು. ಜಾಲಕ್ಕೆ ಇಟ್ಟ ಹೆಸರು ಘೋಸ್ಟ್‌ನೆಟ್. ಅದು ಬಳಸಿದ ಘೋಸ್ಟ್ ರ‍್ಯಾಟ್ ಎಂಬ ಕುತಂತ್ರಾಂಶ ಕಡತ ಕದಿಯುವುದಷ್ಟೇ ಅಲ್ಲ, ಕಂಪ್ಯೂಟರಿನ ಮೈಕು, ಕ್ಯಾಮೆರಾಗಳನ್ನು ದೂರದಿಂದಲೇ ಆನ್ ಮಾಡಬಲ್ಲದು. ಕೋಣೆಯಲ್ಲಿ ಆಡಿದ ಮಾತೂ ಖಾಸಗಿಯಲ್ಲ ಎಂದಾಯಿತು. ತನಗೂ ಇದಕ್ಕೂ ಸಂಬಂಧವಿಲ್ಲ ಎಂದು ಚೀನಾ ಸರ್ಕಾರ ಹೇಳಿತು. ಇಂಥ ಪ್ರತಿ ಆರೋಪಕ್ಕೂ ಅದರ ಉತ್ತರ ಇವತ್ತಿಗೂ ಅದೇ.

★ ಇಷ್ಟು ದೊಡ್ಡ ಜಾಲದ ನಿಯಂತ್ರಣ ಕೇಂದ್ರ ಪತ್ತೆಯಾದದ್ದು ಹೇಗೆ ಗೊತ್ತೇ? ಸಂಶೋಧಕ ನಾರ್ಟ್ ವಿಲ್ನೆವ್ ಕಳ್ಳಕಡತಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ 22 ಅಕ್ಷರಗಳ ಸಾಲೊಂದನ್ನು ಗೂಗಲ್‌ನಲ್ಲಿ ಹುಡುಕಿದರು. ಅಷ್ಟೇ.

★ ಘೋಸ್ಟ್‌ನೆಟ್ ಬಳಸಿದ ಇಮೇಲ್ ಒಂದರಲ್ಲಿ ಟಿಬೆಟನ್ನರ ಗುರುತಿನ ಪುಸ್ತಕದ ಅನುವಾದ ಎಂಬ ವರ್ಡ್ ಕಡತ ಲಗತ್ತಾಗಿತ್ತು. ಕಡತಗಳನ್ನು ಪರೀಕ್ಷಿಸುವ ವೈರಸ್‌ಟೋಟಲ್ ಎಂಬ ತಾಣದಲ್ಲಿದ್ದ 34 ಆ್ಯಂಟಿವೈರಸ್‌ಗಳ ಮುಂದೆ ಅದನ್ನು ಹಿಡಿದಾಗ ಕಳ್ಳನನ್ನು ಗುರುತಿಸಿದವು 11. ಉಳಿದ 23 ನಮಸ್ಕಾರ ಹಾಕಿ ಕಳಿಸಿದವು.

★ ಮರುವರ್ಷ, 2010ರ ಏಪ್ರಿಲ್‌ನಲ್ಲಿ, ಎರಡನೆಯ ವರದಿ ಬಂತು. ದಲೈ ಲಾಮಾ ಅವರ ಕಚೇರಿಯಿಂದ 2009ರ ಜನವರಿಯಿಂದ ನವೆಂಬರ್‌ವರೆಗೆ ಹೊರಟಿದ್ದ 1,500 ಪತ್ರಗಳು ಹ್ಯಾಕರ್‌ಗಳ ಬಳಿ ಸಿಕ್ಕವು. ಜೊತೆಗೆ ಭಾರತ ಸರ್ಕಾರದ ರಹಸ್ಯ ಮುದ್ರೆ ಬಿದ್ದ ಕಡತಗಳೂ ಇದ್ದವು. ಕದ್ದವರು ಕುತಂತ್ರಾಂಶಗಳಿಗೆ ಆದೇಶ ಕಳಿಸಲು ಬಳಸುತ್ತಿದ್ದದ್ದು ಟ್ವಿಟರ್, ಬ್ಲಾಗ್‌ಸ್ಪಾಟ್, ಗೂಗಲ್ ಗ್ರೂಪ್ಸ್, ಯಾಹೂ ಮೇಲ್. ಆಫೀಸಿನಿಂದ ಯಾಹೂಗೆ ಯಾರೋ ಹೋಗುತ್ತಿದ್ದಾರೆ ಎಂದರೆ ಯಾರಿಗೆ ಅನುಮಾನ ಬಂದೀತು?

★ ಈಗ ಅಸಲು ವಿಷಯಕ್ಕೆ ಬರೋಣ. ಟಿಬೆಟನ್ನರ ತಾಪತ್ರಯ ನಮಗ್ಯಾಕೆ ಎನ್ನುವವರು ಇದನ್ನು ನಿಧಾನವಾಗಿ ಓದಬೇಕು. ಘೋಸ್ಟ್‌ನೆಟ್ ಬಯಲಾದ ಹೊತ್ತಿನಲ್ಲೇ ಶಿಶಿರ್ ನಾಗರಾಜ ಮತ್ತು ರಾಸ್ ಆ್ಯಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಪ್ರತ್ಯೇಕ ವರದಿ ಪ್ರಕಟಿಸಿದ್ದರು. ಅದರ ಸಾರಾಂಶದಲ್ಲೇ ಒಂದು ಭವಿಷ್ಯವಾಣಿ ಇತ್ತು: ಇವತ್ತು ಗೂಢಚಾರರು ಮಾಡುವುದನ್ನು ನಾಳೆ ಸಂಘಟಿತ ಅಪರಾಧಿಗಳು ಮಾಡುತ್ತಾರೆ, ನಾಡಿದ್ದು ಕಾಸಿಲ್ಲದ ಪುಡಿಗಳ್ಳರೂ ಮಾಡುತ್ತಾರೆ.

ಲೆಕ್ಕ ಹಾಕಿ ನೋಡಿ. 2013ರ ಮಾರ್ಚ್‌ನಲ್ಲಿ ಟಿಬೆಟನ್ ಹೋರಾಟಗಾರರೊಬ್ಬರ ಇಮೇಲ್ ಖಾತೆಯನ್ನು ಕದ್ದು, ಅವರ ಪರಿಚಯದವರಿಗೆಲ್ಲ ಸಮ್ಮೇಳನದ ಮಾಹಿತಿ ಎಂದು ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್) ಕಡತವೊಂದನ್ನು ಕಳಿಸಿದರು. ಮೊಬೈಲಿನಲ್ಲಿ ಹಾಕಿಕೊಂಡವರ ಫೋನ್ ನಂಬರುಗಳು, ಕರೆಗಳ ಪಟ್ಟಿ, ಎಸ್ಸೆಮ್ಮೆಸ್, ಇರುವ ಜಾಗ ಎಲ್ಲ ಹೊರಗೆ ಹೋದವು. ಗುರಿಯಿಟ್ಟು ಆ್ಯಂಡ್ರಾಯ್ಡ್ ಫೋನಿಗೆ ನಡೆದ ಮೊದಲ ದಾಳಿಗಳಲ್ಲಿ ಇದೊಂದು ಎಂದು ಕ್ಯಾಸ್ಪರ್‌ಸ್ಕಿ ಸಂಸ್ಥೆ ದಾಖಲಿಸಿತು. ಹನ್ನೊಂದು ವರ್ಷ ಮುಂದಕ್ಕೆ ಬನ್ನಿ. 2024ರ ಮದುವೆ ಸೀಸನ್ನಿನಲ್ಲಿ ದೇಶದ ನಾನಾ ರಾಜ್ಯಗಳ ಪೊಲೀಸರು ಎಚ್ಚರಿಸಿದ್ದು ಯಾವುದರ ಬಗ್ಗೆ? ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಗ್ನಪತ್ರಿಕೆಯ ಎಪಿಕೆ! ಸಮ್ಮೇಳನದ ಜಾಗದಲ್ಲಿ ಮದುವೆ, ಗೂಢಚಾರರ ಜಾಗದಲ್ಲಿ ಬ್ಯಾಂಕ್ ಖಾತೆ ಬರಿದು ಮಾಡುವವರು. ಉಪಾಯ ಅದೇ. ಆರ್‌ಟಿಒ ಚಲನ್ ಎಂದೂ ಪಿಎಂ ಕಿಸಾನ್ ಎಂದೂ ಬರುವ ಎಪಿಕೆಗಳು ಇದೇ ಸಂತತಿ. ಲಗ್ನಪತ್ರಿಕೆ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಈಚೆಗೆ ಹಾಡಿನ ಸಮೇತ ವಿಡಿಯೋ ಆಗಿಯೂ ಬರುತ್ತದೆ. ಎಪಿಕೆ ಆಗಿ ಬಂದರೆ ಆ ಮದುವೆಗೆ ಹೋಗಬೇಡಿ.

★ ಗೂಢಚರ್ಯೆಗೆ ಕೋಟಿಗಟ್ಟಲೆ ಬೇಕು ಎಂದುಕೊಂಡಿದ್ದೀರಾ? ಟಿಬೆಟನ್ನರ ಪಾಸ್‌ವರ್ಡ್ ಕದಿಯಲು ನಕಲಿ ಜಿಮೇಲ್ ಪುಟಗಳನ್ನು ಕಟ್ಟಿದ್ದ ಒಂದು ಕಾರ್ಯಾಚರಣೆಯ ಖರ್ಚನ್ನು ಸಿಟಿಜನ್ ಲ್ಯಾಬ್ 2018ರಲ್ಲಿ ಲೆಕ್ಕ ಹಾಕಿತು. 19 ತಿಂಗಳ ಕೆಲಸಕ್ಕೆ ಸರ್ವರ್, ವಿಳಾಸ ಎಲ್ಲ ಸೇರಿ 1,000 ಡಾಲರ್ ಚಿಲ್ಲರೆ. ಆಗಿನ ದರದಲ್ಲಿ 70 ಸಾವಿರ ರೂಪಾಯಿ ಆಸುಪಾಸು. ಒಂದು ಒಳ್ಳೆಯ ಮೊಬೈಲಿನ ಬೆಲೆ!

★ 2021ರ ಜನವರಿ, ಫೆಬ್ರುವರಿಯಲ್ಲಿ ಟಿಬೆಟನ್ ಸಂಘಟನೆಗಳಿಗೆ ಬಂದ ಇಮೇಲ್ ಕೊಂಡಿಯೊಂದು ಫ್ಲ್ಯಾಶ್ ಅಪ್‌ಡೇಟ್ ಮಾಡಿಕೊಳ್ಳಿ ಎನ್ನುತ್ತಿತ್ತು. ಫ್ಲ್ಯಾಶ್ ತಂತ್ರಾಂಶವನ್ನು ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೇ ನಿಲ್ಲಿಸಿತ್ತು. ಸತ್ತದ್ದಕ್ಕೆ ಮದ್ದು ಮಾರಲು ಬಂದಿದ್ದರು. ಒಪ್ಪಿಕೊಂಡವರ ಫೈರ್‌ಫಾಕ್ಸ್‌ನಲ್ಲಿ ಕೂತ ವಿಸ್ತರಣೆ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಜಿಮೇಲ್ ಓದುತ್ತಿತ್ತು, ಅಳಿಸುತ್ತಿತ್ತು, ಬೇಕಾದವರಿಗೆ ಕಳಿಸುತ್ತಲೂ ಇತ್ತು.

★ ಅಪ್‌ಡೇಟ್ ಎಂದರೆ ಎಷ್ಟು ಬೇಜಾರು ನಮಗೆ! ಆದರೆ 2018ರ ನವೆಂಬರ್‌ನಿಂದ 2019ರ ಮೇವರೆಗೆ ನಡೆದದ್ದನ್ನು ಕೇಳಿ. ದಲೈ ಲಾಮಾ ಅವರ ಖಾಸಗಿ ಕಚೇರಿ, ದೇಶಾಂತರಿ ಟಿಬೆಟನ್ ಸಂಸತ್ತು, ಆಡಳಿತದ ಹಿರಿಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಪತ್ರಕರ್ತರ, ಸ್ವಯಂಸೇವಾ ಸಂಸ್ಥೆಯವರ ಸೋಗಿನಲ್ಲಿ ಸಂದೇಶಗಳು ಬಂದವು. ಕುಶಲ ವಿಚಾರಿಸಿ, ಮಾತು ಬೆಳೆಸಿ, ಆಮೇಲೆ ಒಂದು ಲಿಂಕ್. ಒಮ್ಮೆ ಒತ್ತಿದರೆ ಸಾಕು, ಬೇರೇನೂ ಮಾಡಬೇಕಿಲ್ಲ, ಫೋನ್ ಅವರದ್ದು. ಆ್ಯಂಡ್ರಾಯ್ಡ್ ಬ್ರೌಸರಿಗೆ ಎಂಟು ಬಗೆಯ ಕನ್ನ, ಐಫೋನಿಗೂ ಒಂದು. ಸಿಟಿಜನ್ ಲ್ಯಾಬ್ ಇದಕ್ಕೆ ಪಾಯ್ಸನ್ ಕಾರ್ಪ್ ಎಂದು ಹೆಸರಿಟ್ಟಿತು. ಇಷ್ಟೆಲ್ಲ ಸಿದ್ಧತೆಯ ಆ ಅಸ್ತ್ರಗಳಲ್ಲಿ ಹೊಸ ದೋಷ ಒಂದೂ ಇರಲಿಲ್ಲ. ಎಲ್ಲಕ್ಕೂ ಕಂಪನಿಗಳು ಆಗಲೇ ತೇಪೆ ಹಾಕಿದ್ದವು. ಫೋನ್ ಅಪ್‌ಡೇಟ್ ಆಗಿದ್ದವರು ಲಿಂಕ್ ಒತ್ತಿದ್ದರೂ ಬಚಾವ್.

★ ಟಿಬೆಟನ್ನರು ಸುಮ್ಮನೆ ಕೂತಿರಲಿಲ್ಲ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಸಿಟಿಜನ್ ಲ್ಯಾಬ್ ನಾಲ್ಕು ವರ್ಷ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಟಿಬೆಟನ್ ಸಂಘಟನೆಗಳಿಗೆ ಬಂದ ದುಷ್ಟ ಇಮೇಲ್‌ಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಬಂದದ್ದು ಲಗತ್ತಿನೊಂದಿಗೆ. ಲಗತ್ತು ತೆರೆಯುವುದನ್ನೇ ಬಿಟ್ಟರೆ? ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಒಂದು ಅಭಿಯಾನ ಶುರುಮಾಡಿತು. ತಾಂತ್ರಿಕ ಭಾಷಣ ಇಲ್ಲ, ಹೆದರಿಸುವುದೂ ಇಲ್ಲ. ಅಂಟಿಕೊಳ್ಳುವುದೇ ದುಃಖದ ಮೂಲ ಎಂದು ಎಳವೆಯಿಂದ ಕೇಳಿ ಬೆಳೆದ ಭಿಕ್ಷುಗಳಿಗೆ, ಇಮೇಲಿನ ಅಂಟನ್ನೂ, ಅಂದರೆ ಲಗತ್ತನ್ನೂ, ಬಿಡಿ ಎಂದು ಹೇಳಿತು. ಕಡತ ಕಳಿಸಲೇಬೇಕಾದರೆ ಗೂಗಲ್ ಡ್ರೈವ್‌ನಲ್ಲಿಟ್ಟು ಕೊಂಡಿ ಕಳಿಸಿ ಎಂದಿತು. ಜನ ಕೇಳಿದರು. ಎಷ್ಟರ ಮಟ್ಟಿಗೆ ಎಂದರೆ ದಾಳಿಕೋರರೇ ತಮ್ಮ ವರಸೆ ಬದಲಿಸಿ ಗೂಗಲ್ ಡ್ರೈವ್ ಕೊಂಡಿಗಳನ್ನು ಕಳಿಸತೊಡಗಿದರು. ಕಳ್ಳ ದಾರಿ ಬದಲಿಸಿದ ಎಂದರೆ ಹಳೆಯ ದಾರಿಗೆ ಬೇಲಿ ಬಿತ್ತು ಎಂದೇ ಅರ್ಥ. ನಮ್ಮ ಇಲಾಖೆಗಳ ಜಾಗೃತಿ ಪೋಸ್ಟರುಗಳು ಕೇಳುವವರ ಬದುಕಿನೊಳಗಿನಿಂದ ಮಾತು ಎತ್ತಿಕೊಳ್ಳುವುದನ್ನು ಇಲ್ಲಿಂದ ಕಲಿಯಬಹುದು.

★ 2018ರಲ್ಲಿ ಟಿಬೆಟನ್ನರು ತಮ್ಮದೇ ತುರ್ತು ತಂಡ ಕಟ್ಟಿಕೊಂಡರು. ಹೆಸರು ಟಿಬ್‌ಸರ್ಟ್. ಒಂದು ಸಂಘಟನೆಗೆ ಬಂದ ಅನುಮಾನದ ಸಂದೇಶ ಉಳಿದವರಿಗೂ ತಿಳಿಯಲಿ ಎಂಬುದು ಅದರ ಮುಖ್ಯ ಕೆಲಸ. ಮೋಸ ಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ ಅದರ ಲಾಭ ಕಳ್ಳನಿಗೆ.

★ ಹಾಗಂತ ಕಾಟ ನಿಂತಿಲ್ಲ. 2025ರ ಜುಲೈ 6ಕ್ಕೆ ದಲೈ ಲಾಮಾ ಅವರಿಗೆ 90 ತುಂಬಿತು. ಅದಕ್ಕೆ ಮುಂಚೆ ಜೂನ್‌ನಲ್ಲೇ ಹುಟ್ಟುಹಬ್ಬದ ನಕಲಿ ಪುಟಗಳು ಸಿದ್ಧವಾಗಿದ್ದವು. ಒಂದರಲ್ಲಿ ಸುರಕ್ಷಿತ ಚಾಟ್ ಆ್ಯಪ್ ಎಂಬ ಸೋಗು, ಇನ್ನೊಂದರಲ್ಲಿ ಜಗತ್ತಿನ ಭಕ್ತರೆಲ್ಲ ಹೆಸರು ನೋಂದಾಯಿಸುವ ಆ್ಯಪ್ ಎಂಬ ಸೋಗು. ಝಡ್‌ಸ್ಕೇಲರ್ ಕಂಪನಿ ಬಿಚ್ಚಿ ನೋಡಿದಾಗ ಚಾಟ್ ಆ್ಯಪ್‌ನೊಳಗೆ ಕೂತಿದ್ದದ್ದು ಯಾರು? 2009ರ ಅದೇ ಘೋಸ್ಟ್ ರ‍್ಯಾಟ್‌ನ ವಂಶದ ಕುಡಿ.

★ ಆ್ಯಪ್ ಸ್ಟೋರಿನಲ್ಲಿದ್ದರೆ ಸುರಕ್ಷಿತ ಎನ್ನುವ ಮಾತೂ ಪೂರ್ತಿ ನಿಜವಲ್ಲ. ಟಿಬೆಟ್‌ಒನ್ ಎಂಬ ಕಳ್ಳ ಆ್ಯಪ್ 2021ರಲ್ಲಿ ಆ್ಯಪಲ್‌ನ ಅಧಿಕೃತ ಅಂಗಡಿಯಲ್ಲೇ ಕೂತಿತ್ತು. ಇಂಥವುಗಳ ಬಗ್ಗೆ ಬ್ರಿಟನ್ನಿನ ಸೈಬರ್ ಭದ್ರತಾ ಕೇಂದ್ರ ಇತರ ದೇಶಗಳೊಂದಿಗೆ ಸೇರಿ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿತು.

★ ಗೂಢಚಾರರನ್ನು ಬಿಟ್ಟು ಸುಲಿಗೆಕೋರರ ಕಡೆ ಬರೋಣ. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ತಲಾ 300 ಡಾಲರ್ ಕೇಳಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಮೂರು ದಿನಗಳಲ್ಲಿ ಅದು ಎಚ್.ಡಿ. ಕೋಟೆಯ ನೆರೆಗೂ ಬಂತು: ಗಡಿಯಾಚೆ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಕಂಪ್ಯೂಟರ್‌ಗಳು ಸೋಮವಾರ ಬೆಳಿಗ್ಗೆ ತೆರೆಯಲೇ ಇಲ್ಲ. ಕಾಡಂಚಿನ ಪಂಚಾಯಿತಿಯಲ್ಲಿ ಕದಿಯಲು ಏನಿದೆ ಎಂದು ಆ ಕುತಂತ್ರಾಂಶ ಯೋಚಿಸಲೇ ಇಲ್ಲ. ದೋಷ ಕಂಡಲ್ಲಿ ನುಗ್ಗಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಸಿಕ್ಕಿಬಿದ್ದವರು ಎರಡು ತಿಂಗಳಾದರೂ ಹಾಕಿಕೊಂಡಿರಲಿಲ್ಲ, ಅಷ್ಟೇ.

★ ಅದನ್ನು ನಿಲ್ಲಿಸಿದ್ದು ಯಾವ ಸೇನೆಯೂ ಅಲ್ಲ. ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ಬ್ರಿಟಿಷ್ ಹುಡುಗ. ವಾನಾಕ್ರೈ ಹುಡುಕುತ್ತಿದ್ದ ಒಂದು ವೆಬ್ ವಿಳಾಸ ಯಾರ ಹೆಸರಿಗೂ ಇಲ್ಲ ಎಂದು ಕಂಡು ತಾನೇ ನೋಂದಾಯಿಸಿಕೊಂಡ. ಹಬ್ಬುವುದು ನಿಂತಿತು.

★ ಊರಿನ ಸಹಕಾರಿ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದೆಯೇ? 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಲ್ಲಿ ಯುಪಿಐ, ಎಟಿಎಂ ಕೆಲಸ ಮಾಡಲಿಲ್ಲ. ಹ್ಯಾಕ್ ಆದದ್ದು ಆ ಬ್ಯಾಂಕುಗಳಲ್ಲ, ಅವಕ್ಕೆಲ್ಲ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ಸುಲಿಗೆ ಕುತಂತ್ರಾಂಶದ ದಾಳಿಯಾಗಿತ್ತು. ಹಬ್ಬದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದರ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕತ್ತರಿಸಿತು. ನಿಮ್ಮ ಸಂಸ್ಥೆಯ ಬಾಗಿಲು ಭದ್ರವಾಗಿದ್ದರೆ ಸಾಲದು. ಸಾಫ್ಟ್‌ವೇರ್ ಕೊಟ್ಟವರ ಬಾಗಿಲು ಹೇಗಿದೆ ಎಂದೂ ವಿಚಾರಿಸಬೇಕು.

★ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ ಮೂರು ದಿನಗಳಲ್ಲಿ ಕಳೆದುಕೊಂಡದ್ದು 94 ಕೋಟಿ ರೂಪಾಯಿ. ಬಹುಪಾಲು ಹಣವನ್ನು 28 ದೇಶಗಳ ಎಟಿಎಂಗಳಿಂದ ಎತ್ತಿದರು. ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಖಾತೆಯಿಂದ 2019ರಲ್ಲಿ ಹ್ಯಾಕ್ ಆಗಿ ಹೋದದ್ದು 11.5 ಕೋಟಿ.

★ 2019ರಲ್ಲೇ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದುದರಿಂದ ಗಂಡಾಂತರ ತಪ್ಪಿತು. ಲೆಕ್ಕಪತ್ರದ ಕಂಪ್ಯೂಟರಿನಲ್ಲೇ ಸಿನಿಮಾ ಡೌನ್‌ಲೋಡ್ ಮಾಡುವ ಕಚೇರಿಗಳು ಗಮನಿಸಬೇಕು.

★ ಸುಲಿಗೆಕೋರನಿಗೆ ಹೆದರದಿರಲು ಒಂದು ಸೂತ್ರವಿದೆ: 3-2-1. ದಾಖಲೆಗಳ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲೋ ಕಟ್ಟಡದಲ್ಲೋ. ಇದನ್ನು ಜನಪ್ರಿಯಗೊಳಿಸಿದವರು ಕಂಪ್ಯೂಟರ್ ವಿಜ್ಞಾನಿಯಲ್ಲ, ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್. ನಾನು ಒಂದು ಷರತ್ತು ಸೇರಿಸುತ್ತೇನೆ: ಪ್ರತಿ ತೆಗೆದ ಮೇಲೆ ಪೆನ್‌ಡ್ರೈವನ್ನೋ ಹಾರ್ಡ್‌ಡಿಸ್ಕನ್ನೋ ಕಂಪ್ಯೂಟರಿನಿಂದ ಕಿತ್ತಿಡಿ. ಚುಚ್ಚಿದಂತೆಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ.

★ ಗೂಗಲ್ ಕಂಪನಿ 2017ರ ಆರಂಭದಿಂದ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಪಾಸ್‌ವರ್ಡ್ ಜೊತೆಗೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಭದ್ರತಾ ಕೀಲಿಯನ್ನು ಕಡ್ಡಾಯ ಮಾಡಿತು. ಅದರಿಂದಾಚೆಗೆ ಒಬ್ಬರ ಆಫೀಸ್ ಖಾತೆಯೂ ಮೋಸದ ಪುಟಕ್ಕೆ ಬಲಿಯಾಗಿಲ್ಲ ಎಂದು 2018ರಲ್ಲಿ ಹೇಳಿಕೊಂಡಿತು. ಒಟಿಪಿಯನ್ನಾದರೆ ಮರುಳು ಮಾಡಿ ಕೇಳಿ ಪಡೆಯಬಹುದು, ಈ ಕೀಲಿಯನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ.

★ ಐಫೋನಿನಲ್ಲಿ 2022ರಿಂದ ಹಲವು ಸೌಲಭ್ಯಗಳನ್ನು ಮುಚ್ಚಿ ಭದ್ರತೆ ಬಿಗಿ ಮಾಡುವ ಲಾಕ್‌ಡೌನ್ ಮೋಡ್ ಎಂಬ ಆಯ್ಕೆ ಇದೆ. ಪತ್ರಕರ್ತರು, ಹೋರಾಟಗಾರರಂಥ ಗುರಿಯಾಗುವ ಮಂದಿಗೆ ಮಾತ್ರ ಬೇಕಾದದ್ದು. ಉಳಿದವರಿಗೆ ಕಿರಿಕಿರಿ.

★ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಭದ್ರತಾ ತೇಪೆ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜೂಮ್ಲಾ 3ನೇ ಆವೃತ್ತಿಯದ್ದು 2023ರ ಆಗಸ್ಟ್ 17ಕ್ಕೇ ಮುಗಿದಿದೆ. ಬಲ್ಲವರೊಬ್ಬರು ಉಚಿತವಾಗಿ ಮಾಡಿಕೊಟ್ಟು ಹೋದ ವೆಬ್‌ಸೈಟು ಅಂದಿನಿಂದ ಹಾಗೇ ಇರುವುದು ನಮ್ಮ ಸಂಘ ಸಂಸ್ಥೆಗಳಲ್ಲಿ ಎಷ್ಟು ಮಾಮೂಲಿ ಎಂದು ಹೇಳಬೇಕಿಲ್ಲ.

★ ಕಂಪನಿ, ಸಂಸ್ಥೆ, ಸರ್ಕಾರಿ ಕಚೇರಿಗಳಲ್ಲಿ ಸೈಬರ್ ದಾಳಿಯಾದರೆ ತಿಳಿದ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡುವುದು ಕಡ್ಡಾಯ. ಕಂಪ್ಯೂಟರ್ ಜಾಲದ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. 2022ರ ಏಪ್ರಿಲ್ 28ರ ನಿರ್ದೇಶನ ಇದು. ಆರು ಗಂಟೆ ಎಂದರೆ, ಅಧ್ಯಕ್ಷರು ಊರಿನಲ್ಲಿಲ್ಲ, ಸೋಮವಾರ ನೋಡೋಣ ಎನ್ನುವಷ್ಟು ಸಮಯವಿಲ್ಲ. ಸರ್ಟ್-ಇನ್ ಸಹಾಯವಾಣಿ 1800-11-4949.

★ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಈಗ ಜಿಲ್ಲೆಗಳಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ದುಡ್ಡು ಹೋಗಿದ್ದರೆ ಠಾಣೆಗೆ ಹೊರಡುವ ಮುಂಚೆಯೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಸಲು ಆಗ ಅವಕಾಶ ಹೆಚ್ಚು.

★ ಕೊನೆಗೆ ಒಂದು ಕೆಲಸ. ನಿಮ್ಮ ಊರಿನ ಸೊಸೈಟಿ, ಶಾಲೆ, ಮಠ, ಯುವಕ ಸಂಘ, ಯಾವುದಕ್ಕೆ ವೆಬ್‌ಸೈಟ್ ಇದೆಯೋ ಅದರ ಕಾರ್ಯದರ್ಶಿಯವರನ್ನು ಎರಡು ಪ್ರಶ್ನೆ ಕೇಳಿ: ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಅದು ಕಡೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ? ಉತ್ತರ ಬಾರದಿದ್ದರೆ ಮುಂದಿನ ಸಭೆಯ ಅಜೆಂಡಾದಲ್ಲಿ ಬರೆಸಿ.